ಸಮುದ್ರಕ್ಕೆ ಹೊರಟ ಮನೆಯ ಫ್ರಿಜ್

ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಸಿಮೆಂಟಿನ ಧೂಳು ಮೆತ್ತಿದ ಬೇವಿನ ಮರದ ಕೆಳಗೆ ಬಿಳಿ ಬಣ್ಣದ ಉದ್ದನೆಯ ಗಾಡಿಯೊಂದು ನಿಂತಿದೆ. ಅದರೊಳಗೆ ಫ್ರಿಜ್ ಮಿಸ್ತ್ರಿ ಶೌಕತ ಅಲಿ ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು, ಬೋರಲು ಮಲಗಿ, ಫ್ರಿಜ್ಜಿನ ಕಾಲಿನಡಿಗೆ ಲಾರಿ ಟೈರಿನ ರಬ್ಬರ್ ತುಂಡು ತುರುಕುತ್ತಿದ್ದಾರೆ. ಹೆಂಡತಿ ಅಖ್ತರ ಬೇಗಂ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ಚಾ ಆರಾಕತ್ತದ, ಕುಡೀರಿ ಮೊದಲ."

"ಆರ್ಲಿ ಬಿಡು. ಥಂಡಿ ಮಾಡೋದೇ ನನ್ನ ಧಂದೆ," ಎಂದು ಸ್ಕ್ರೂ ಉಗುಳಿ ಶೌಕತ ನಗುತ್ತಾರೆ. ಅಖ್ತರ ಬೇಗಂ ನಗುವುದಿಲ್ಲ. ಅವರ ಕಣ್ಣು ಇರುವುದು ಫ್ರಿಜ್ಜಿನ ಮೇಲೆ.

ಈ ಗಾಡಿ ಗಾಲಿಯ ಮೇಲಿನ ಮನೆ. ಒಳಗೆ ಮಂಚವಿದೆ, ಒಲೆಯಿದೆ, ಬಚ್ಚಲೂ ಇದೆ. ಸೇಡಂನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಶ್ರೀನಿವಾಸ, ಅವರ ಪತ್ನಿ ಪದ್ಮಜಾ ಊರೂರು ತಿರುಗುವ ಆಸೆಗೆ ಪುಣೆಯವರೊಬ್ಬರಿಂದ ಇದನ್ನು ಕೊಂಡಿದ್ದಾರೆ. ಅದರೊಳಗೇ ಬಂದಿದ್ದ ಫ್ರಿಜ್ ಮಾತ್ರ ಮಹಾ ಹಟಮಾರಿ. ಗ್ಯಾಸ್ ಮೇಲೂ ನಡೆಯುತ್ತಿತ್ತು, ಕರೆಂಟಿನ ಮೇಲೂ ನಡೆಯುತ್ತಿತ್ತು; ಆದರೆ ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತರೆ ಮಾತ್ರ ತಂಪು. ನಮ್ಮ ರಸ್ತೆಗಳಲ್ಲಿ ಸಮತಟ್ಟಾದ ಜಾಗ ಹುಡುಕಿಕೊಂಡು ಹೊರಟರೆ ಊರು ಮುಟ್ಟುವ ಹೊತ್ತಿಗೆ ಹಾಲು ಒಡೆದಿರುತ್ತದೆ. ಕೊನೆಗೆ ಅದರ ಕೊಳವೆಗೆ ತುಕ್ಕು ಹತ್ತಿ, ಮೂಗು ಸುಡುವ ವಾಸನೆ ಬಿಟ್ಟು ಅದು ಕಣ್ಮುಚ್ಚಿತು. ಅದರ ಬಿಡಿಭಾಗ ಎಲ್ಲೂ ಸಿಗಲಿಲ್ಲ. ಆಗ ಶ್ರೀನಿವಾಸರಿಗೆ ಯಾರೋ ಶೌಕತರ ಹೆಸರು ಹೇಳಿದರು.

"ನಾ ಅಂದೆ, ಇದನ್ನ ತಗದು ಒಗೀರಿ ಸರ್. ನಮ್ಮ ನಿಮ್ಮ ಮನ್ಯಾಗ ಇರೋವಂಥಾ ಸಾದಾ ಫ್ರಿಜ್ಜೇ ಕುಂದರಸೋಣು. ಇನ್ವರ್ಟರ್ ಮ್ಯಾಲ ಓಡ್ತದ. ಕೆಟ್ಟರ ಯಾವ ಊರಾಗಾದ್ರೂ ನನ್ನಂಥಾವ ಒಬ್ಬ ಇದ್ದೇ ಇರ್ತಾನ," ಎನ್ನುತ್ತಾರೆ ಶೌಕತ.

ರೈಲ್ವೆ ಗ್ಯಾಂಗ್‌ಮನ್‌ನ ಮಗ ಇವರು. ಹದಿಹರೆಯದಲ್ಲಿ ಶಹಾಬಾದಿನ ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರ್ಖಾನೆಯೊಂದಕ್ಕೆ ಗೋಣಿಚೀಲ ಹೊದ್ದು ಕೆಲಸಕ್ಕೆ ಹೋದವರು ಅಲ್ಲಿಯೇ ತಂಪಿನ ವಿದ್ಯೆ ಕಲಿತರು. ಈಗ ಹಳೆಯ ಮೊಪೆಡ್ಡಿಗೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಚಿತ್ತಾಪುರ, ಕಾಳಗಿ, ಐನಾಪುರದವರೆಗೂ ಓಡಾಡುತ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ಐದಾರು ಫ್ರಿಜ್ ಇವರ ಕೈಯಡಿ ಬರುತ್ತವೆ. ಬೆಸುಗೆಯ ಬೆಂಕಿ ತಾಗಿ ಮುಂಗೈ ಮೇಲೆಲ್ಲ ಕಲೆ. ಔಷಧಿ ಅಂಗಡಿಯ ಫ್ರಿಜ್ ಕೆಟ್ಟಿದೆ ಎಂದು ಫೋನ್ ಬಂದರೆ ತಟ್ಟೆಯಲ್ಲಿನ ಊಟ ಬಿಟ್ಟು ಏಳುತ್ತಾರೆ. ಅದಕ್ಕೆ ಕಾರಣ ಮನೆಯಲ್ಲೇ ಇದೆ.

ಅಖ್ತರ ಬೇಗಂಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಬೇಕೇ ಬೇಕು. ಹಿಂದೊಮ್ಮೆ ನಡುಬೇಸಿಗೆಯಲ್ಲಿ ಹೈದರಾಬಾದಿಗೆ ಮದುವೆಗೆ ಹೋದಾಗ ಔಷಧಿ ಇಟ್ಟಿದ್ದ ಡಬ್ಬಿಯ ಬರ್ಫು ದಾರಿಯಲ್ಲೇ ಕರಗಿತು, ಔಷಧಿ ಕೆಟ್ಟಿತು, ಮದುವೆ ಮನೆಯಿಂದ ಅವರು ನೆಟ್ಟಗೆ ಆಸ್ಪತ್ರೆ ಸೇರಿದರು. ಅಂದಿನಿಂದ ಬೇರೆ ಊರಿನಲ್ಲಿ ಒಂದು ರಾತ್ರಿಯೂ ತಂಗಿದವರಲ್ಲ. ಮನೆಯ ಫ್ರಿಜ್ಜಿನ ಬಾಗಿಲು ತೆಗೆದು ಔಷಧಿಯ ಡಬ್ಬಿ ಮುಟ್ಟಿ ನೋಡುವುದು, ಮುಚ್ಚುವುದು, ಮತ್ತೆ ತೆಗೆಯುವುದು ಇದೇ ಆಯಿತು. ಕರೆಂಟು ಹೋದರಂತೂ ಅದರ ಮುಂದೆಯೇ ಕೂತುಬಿಡುತ್ತಾರೆ.

ಅವರ ತಂಗಿ ಶಮೀಮ್ ಇರುವುದು ದೂರದ ರತ್ನಾಗಿರಿಯಲ್ಲಿ, ಸಮುದ್ರದ ದಂಡೆಯಲ್ಲಿ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಆಕೆ ಬರುವಂತಿಲ್ಲ, ಫ್ರಿಜ್ ಬಿಟ್ಟು ಈಕೆ ಹೋಗುವಂತಿಲ್ಲ. ಅಕ್ಕತಂಗಿಯರು ಮುಖ ನೋಡದೆ ಏಳು ವರ್ಷವಾಯಿತು.

"ಫೋನಿನ್ಯಾಗ ಆಕಿ ಮಾತಿನ ಹಿಂದ ಸಮುದ್ರದ ಸಪ್ಪಳ ಬರ್ತದ್ರಿ. ಆಕಿ ಫೋನ್ ಇಟ್ಟ ಮ್ಯಾಲೂ ಕಿವ್ಯಾಗ ಹಂಗೇ ಇರ್ತದ," ಎನ್ನುತ್ತಾರೆ ಅಖ್ತರ ಬೇಗಂ. "ಆಕಿ ಅಡಗಿ ಮನ್ಯಾಗ ಕುಂತು, ಆಕಿ ಕೈಯಿಂದ ಮೀನಿನ ಸಾರು ಉಣ್ಬೇಕು. ಮತ್ತೇನೂ ಬ್ಯಾಡ."

ಊರ ಜನರ ಮನೆಗೆಲ್ಲ ತಂಪು ಹಂಚುವ ಗಂಡನಿಗೆ ಹೆಂಡತಿಯ ಅಂಗೈಯಗಲದ ಔಷಧಿಯನ್ನು ತಂಪಾಗಿ ಒಯ್ಯಲು ಆಗಲಿಲ್ಲವಲ್ಲ ಎಂಬ ಸಂಕಟ ಶೌಕತರನ್ನು ಬಿಟ್ಟಿಲ್ಲ. ಈ ಕಥೆಯೆಲ್ಲ ಕೇಳಿದ ಪದ್ಮಜಾ ಒಂದೇ ಮಾತು ಹೇಳಿದರು: "ಗಾಡಿ ಚಿಂಚೋಳಿಗೆ ಹೋಗಿ ಬರೋತನಕ ಬರ್ಫ ಕರಗಲಿಲ್ಲಂದ್ರ, ನಮ್ಮ ಮೊದಲನೇ ಪ್ರಯಾಣ ರತ್ನಾಗಿರಿಗೇ. ಭಾಬಿ, ನೀವಿಬ್ಬರೂ ಬರ್ರಿ."

ಶೌಕತ ಕೆಲಸಕ್ಕಿಳಿದರು. ಹಳೆಯ ಫ್ರಿಜ್ಜನ್ನು ಕಿಟಕಿಯ ಚೌಕಟ್ಟು ಬಿಚ್ಚಿ ಹೊರಗಿಳಿಸಿದರು. ಗ್ಯಾಸಿನ ಕೊಳವೆ ಕತ್ತರಿಸಿ ಬಾಯಿ ಮುಚ್ಚಿದರು, ಹೊಗೆ ಹೋಗುವ ಕಿಂಡಿಗೆ ತಗಡು ಹೊಡೆದರು. ಹೊಸದಾಗಿ ತಂದ ಸಾದಾ ಫ್ರಿಜ್ ಆ ಜಾಗಕ್ಕೆ ತುಸು ಗಿಡ್ಡವಾಯಿತು. ಎತ್ತರ ಸರಿದೂಗಿಸಲು, ಶಹಾಬಾದಿನಲ್ಲಿ ಕಲ್ಲು ಕಡಿಯುವ ಗೆಳೆಯ ಭಾಗಣ್ಣನಿಂದ ಚೆಂದದ ಹಾಸುಗಲ್ಲೊಂದನ್ನು ತರಿಸಿ ಅಡಿಗೆ ಹಾಕಿದರು.

ಓಡುವ ಗಾಡಿಯಲ್ಲಿ ಕಲ್ಲಿಡುವ ಈ ತಪ್ಪನ್ನು ಬೇರೆ ಸೀಮೆಯವರು ಮಾಡಲಿಕ್ಕಿಲ್ಲ. ನಮ್ಮಲ್ಲಿ ನೆಲವೂ ಕಲ್ಲು, ಗೋಡೆಯೂ ಕಲ್ಲು. ಫ್ರಿಜ್ ಮನೆಗೆ ಬಂದ ದಿನ ಅದರಡಿಗೂ ಒಂದು ಶಹಾಬಾದ ಕಲ್ಲು ಬೀಳಲೇಬೇಕು, ಇಲ್ಲದಿದ್ದರೆ ಕೆಲಸ ಮುಗಿದಂತೆ ಅಲ್ಲ. ಹುಟ್ಟುಗುಣ ಘಟ್ಟ ಹತ್ತಿದರೂ ಹೋಗದು.

ಅಖ್ತರ ಬೇಗಂ ಸ್ಟೀಲ್ ಡಬ್ಬಿಯ ತುಂಬ ಬರ್ಫು ತುಂಬಿ ಫ್ರೀಜರಿನಲ್ಲಿಟ್ಟು ಗಾಡಿಯನ್ನು ಚಿಂಚೋಳಿಗೆ ಕಳಿಸಿದರು. ಗುಂಡಗುರ್ತಿ ದಾಟಿದ ಮೇಲಿನ ತಗ್ಗುಗಳಲ್ಲಿ ಹಾಸುಗಲ್ಲು ಎರಡು ಹೋಳಾಯಿತು, ಫ್ರಿಜ್ ವಾಲಿತು, ವೈರು ಕಿತ್ತುಬಂತು. ಮುಂದೆ ಕೂತ ಶ್ರೀನಿವಾಸರಿಗೆ ಗೊತ್ತೇ ಆಗಲಿಲ್ಲ. ಸಂಜೆ ಡಬ್ಬಿ ತೆರೆದರೆ ಬರೀ ನೀರು. ಅಖ್ತರ ಬೇಗಂ ಯಾರನ್ನೂ ಬಯ್ಯಲಿಲ್ಲ. ನೀರನ್ನು ಬೇವಿನ ಬುಡಕ್ಕೆ ಸುರಿದು, "ನಸೀಬದಾಗ ಇಲ್ಲ ಬಿಡ್ರಿ," ಎಂದು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಶೌಕತ ಇಂದಿಗೂ ಹೇಳುತ್ತಾರೆ.

"ನಿಂತ ಮನಿಗೆ ಕಲ್ಲು ಬೇಕಪಾ, ಓಡೋ ಮನಿಗೂ ಕಲ್ಲೇನು?" ಎಂದು ಭಾಗಣ್ಣ ರೇಗಿಸಿದ. "ಕೊಡಬೇಕಾದ್ರ ನಿನ್ನ ಬುದ್ಧಿ ಎಲ್ಲಿಗೆ ಹೋಗಿತ್ತಲೇ?" ಎಂದು ಶೌಕತ ತಿರುಗಿ ಕೇಳಿದರು. ಇಬ್ಬರೂ ಸೇರಿ ಒಡೆದ ಕಲ್ಲನ್ನು ಹೊರಗೆಸೆದರು.

ಈ ಮುಂಜಾನೆ ಅವರು ಮಾಡುತ್ತಿರುವುದು ಎರಡನೆಯ ಪ್ರಯತ್ನ. ಅಡಿಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ರಬ್ಬರ್. ಗಾಡಿಯ ಮೈಗೆ ಬಿಗಿದ ಎರಡು ಪಟ್ಟಿ. ಕುಲುಕಾಟಕ್ಕೆ ತೆರೆದುಕೊಳ್ಳದಂತೆ ಬಾಗಿಲಿಗೊಂದು ಚಿಲಕ. ಎಳೆದರೂ ಕೀಳದಂತೆ ವೈರನ್ನು ಸಡಿಲ ಬಿಟ್ಟಿದ್ದಾರೆ. ಅಖ್ತರ ಬೇಗಂ ಈ ಸಲ ಡಬ್ಬಿ ತುಂಬಲು ಒಪ್ಪುವುದಿಲ್ಲ. ಶೌಕತರೇ ತುಂಬಿ ಇಡುತ್ತಾರೆ. ಶ್ರೀನಿವಾಸ ಗಾಡಿ ತಿರುಗಿಸಿ ಚಿತ್ತಾಪುರದ ದಾರಿ ಹಿಡಿಯುತ್ತಾರೆ.

ಅವತ್ತಿಡೀ ಶೌಕತ ಬೇರೆ ಕೆಲಸಕ್ಕೆ ಹೋಗುವುದಿಲ್ಲ. ಊಟವೂ ಅಷ್ಟಕ್ಕಷ್ಟೆ. ಹೊತ್ತು ಮುಳುಗುವಾಗ ಗಾಡಿ ಓಣಿಗೆ ಬರುತ್ತದೆ. ಪದ್ಮಜಾ ಇಳಿದು ಡಬ್ಬಿಯನ್ನು ಅಖ್ತರ ಬೇಗಂ ಕೈಗಿಡುತ್ತಾರೆ. ಅಖ್ತರ ಬೇಗಂ ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಬರ್ಫು ಗಡಗಡ ಎನ್ನುತ್ತದೆ. ಬೆರಳು ಮರಗಟ್ಟಿದರೂ ಡಬ್ಬಿ ಕೆಳಗಿಡದೆ, ಇನ್ನೊಂದು ಕೈಯಲ್ಲಿ ಫೋನ್ ಹಚ್ಚುತ್ತಾರೆ.

"ಶಮೀಮ್, ಐತವಾರ ಮೀನು ತಂದಿಡವ್ವಾ," ಎನ್ನುತ್ತಾರೆ.

ಶೌಕತ ಗಾಡಿಯೊಳಗೆ ಹತ್ತಿ ಪಟ್ಟಿಗಳನ್ನು ಮತ್ತೊಮ್ಮೆ ಎಳೆದು ನೋಡುತ್ತಾರೆ. ಇನ್ನೇನು ಬೇಕು ಎಂದು ಕೇಳಿದರೆ, ಫ್ರಿಜ್ಜಿನ ಬಾಗಿಲು ಒರೆಸುತ್ತ ಹೇಳುತ್ತಾರೆ:

"ಅಲ್ಲಿ ಮುಟ್ಟಿದ ಮ್ಯಾಲ ಆಕಿ ಈ ಬಾಗಲ ತಗದು ತಗದು ನೋಡಬಾರದ್ರಿ. ಇಂಥಾದೊಂದು ಅದ ಅನ್ನೋದೇ ಮರತು, ತಂಗಿ ಮಾರಿ ನೋಡ್ಕೋತ ಕುಂದರಬೇಕು. ಅಷ್ಟಾದ್ರ ನನ್ನ ಕೆಲಸ ಬರೋಬ್ಬರಿ ಆಗ್ಯಾದ ಅಂತ ತಿಳಕೋತೀನಿ."