ರಾಕೆಟ್ ಬಿದ್ದ ದಿನ ಬಂದ ರೊಟ್ಟಿ

ಮೊಮ್ಮಗಳು ಹುಟ್ಟಿದ ಸಂತೋಷವನ್ನು ಬರೆಯೋಣವೆಂದು ಕುಳಿತರೆ ಮೊದಲು ನೆನಪಾಗುವುದು ಆ ದಿನದ ಹೆದರಿಕೆಯೇ. ನಾನು ಕಲಿತದ್ದು ಮೂರನೆಯ ಇಯತ್ತೆ. ಖುಷಿ ಹೆಚ್ಚಾದರೆ ನನಗೆ ಹಿಂದುಮುಂದು ತಿಳಿಯುವುದಿಲ್ಲ. ಆದರೂ ಸಾಲಾಗಿಯೇ ಹೇಳುತ್ತೇನೆ.

ತೊಂಬತ್ತರ ದಶಕ. ಮಗಳು ಚೊಚ್ಚಲ ಹೆರಿಗೆಗೆಂದು ಏಕಸಂಬಿಗೆ, ನಮ್ಮ ಮನೆಗೆ ಬಂದಿದ್ದಳು. ಅವಳೂ ಅವಳ ಗಂಡನೂ ಉಪಗ್ರಹ ಹಾರಿಸುವ ಕಡೆ ಕೆಲಸಕ್ಕಿದ್ದರು. ರಾಕೆಟ್ ಓರೆಯಾದರೆ ತಾನೇ ನೆಟ್ಟಗಾಗಬೇಕಲ್ಲ, ಅದಕ್ಕೆಂದು ಬರೆಯುವ ಸಾಫ್ಟ್‌ವೇರಿನಲ್ಲಿ ಒಂದು ಪಾಲು ಇವಳದು. ಎರಡು ವರ್ಷ ಅದನ್ನೇ ಬರೆದು, ಅದನ್ನೇ ತಿದ್ದಿ, ಹಾರಿಸುವ ಹೊತ್ತಿಗೆ ನನ್ನ ಪಡಸಾಲೆಯಲ್ಲಿ ತುಂಬಿದ ಬಸುರಿಯಾಗಿ ಕುಳಿತಿದ್ದಳು.

ಆ ಮುಂಜಾನೆ ಟಿವಿ ಹಚ್ಚಿದೆವು. ಹಾರುವ ಮೊದಲೇ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಎದುರಿನ ಕಿರಾಣಿ ಅಂಗಡಿಗೆ ಅಳಿಯನ ಫೋನು ಬಂತು. ನಾನೇ ಓಡಿದೆ.

“ಅತ್ತಿ, ರಾಕೆಟ್ ಸಮುದ್ರಕ್ಕ ಬಿತ್ತರಿ. ಸಾಫ್ಟ್‌ವೇರಿನ್ಯಾಗ ಏನೋ ತಪ್ಪೈತಿ ಅನ್ನಾಕತ್ತಾರ. ಅಕಿಗೆ ಹೇಳಬ್ಯಾಡ್ರಿ, ನಾ ಬಂದು ಹೇಳ್ತೀನಿ.”

ಬಸುರಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದೆಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. “ಫೋನ್ ಕಟ್ ಆತವ್ವ, ಏನೂ ಕೇಳಲಿಲ್ಲ,” ಎಂದು ಮನೆಗೆ ಬಂದು ಮಗಳಿಗೆ ಹೇಳಿ ಅಡುಗೆಮನೆ ಸೇರಿದೆ. ಒಲೆ ಹಚ್ಚುವುದನ್ನೇ ಮರೆತು ಕುಳಿತೆ.

ಅಂಗಡಿಯವನ ಹೆಂಡತಿಯನ್ನು ಮಗಳು ಕಾಕು ಎನ್ನುತ್ತಿದ್ದಳು. ಫೋನಿನ ಹೊತ್ತಿಗೆ ಆಕೆ ನನ್ನ ಪಕ್ಕದಲ್ಲೇ ಇದ್ದು, ರಾಕೆಟ್ ಬಿದ್ದದ್ದನ್ನು ಕೇಳಿಸಿಕೊಂಡಿದ್ದಳು. ಒಳ್ಳೆಯ ಜೀವ. ಮಧ್ಯಾಹ್ನಕ್ಕೆ ಬಟ್ಟೆಯಲ್ಲಿ ರೊಟ್ಟಿ, ಬೋಗುಣಿಯಲ್ಲಿ ಕಡಲೆಹಿಟ್ಟಿನ ಜುಣಕ ಹಿಡಿದು ಬಂದಳು.

“ಇವತ್ತ ಒಲಿ ಹಚ್ಚಬ್ಯಾಡ ಬೇ. ಎರಡ ತುತ್ತ ಉಣ್ರಿ,” ಎಂದು ಕಣ್ಣೊರೆಸಿಕೊಂಡಳು.

ನಮ್ಮ ಕಡೆ ಹೀಗೆ ರೊಟ್ಟಿ, ಜುಣಕ ತರುವುದು ಸಾವಾದ ಮನೆಗೆ. ಮಗಳು ಆ ಗಂಟನ್ನು ನೋಡಿದಳು, ತಣ್ಣಗಿದ್ದ ಒಲೆಯನ್ನು ನೋಡಿದಳು.

“ಕಾಕೂ, ಯಾರ್ ಹ್ವಾದ್ರು? ಯವ್ವಾ, ಅವ್ರಿಗೇನಾತು?”

“ಯಾರೂ ಹೋಗಿಲ್ಲ” ಎಂದು ನಾನು ಹೇಳುವಷ್ಟರಲ್ಲಿ ಮಗಳು ಗೋಡೆಗೆ ಒರಗಿ ಕುಸಿದಳು. ಸೀರೆ ಒದ್ದೆಯಾಗಿತ್ತು. ಹೆರಿಗೆಗೆ ಇನ್ನೂ ಮೂರು ವಾರ ಬಾಕಿಯಿತ್ತು.

“ನಿನ್ನ ಗಂಡ ಛಲೋ ಅದಾನ! ಬಿದ್ದಿದ್ದು ರಾಕೆಟ್ ಬೇ, ರಾಕೆಟ್!” ಎಂದು ಕಿರುಚಿದೆ.

ಅವಳು ನಂಬಲಿಲ್ಲ. ಬೆಳಿಗ್ಗೆ ಸುಳ್ಳು ಹೇಳಿದವಳು ನಾನು. ಚಿಕ್ಕೋಡಿಯ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಅವಳ ಹೊಟ್ಟೆ ಮುಟ್ಟಿ ಆಣೆ ಮಾಡಿದ ಮೇಲೆಯೇ ನಂಬಿದಳು. ನಂಬಿದ ಮೇಲೆ ಬೇರೆ ಅಳು ಶುರುವಾಯಿತು.

“ತಪ್ಪು ನಾ ಬರದ ಸಾಲಿನ್ಯಾಗಿದ್ರ ಏನ್ ಮಾಡ್ಲಿ ಯವ್ವಾ?”

“ಮೊದಲ ಹಡಿ. ಆಮ್ಯಾಲ ಹುಡುಕೋಣು.”

ನೋವಿನ ನಡುವೆಯೂ ಅವಳ ತುಟಿ ಅಲುಗುತ್ತಿತ್ತು. ದೇವರ ಹೆಸರೆಂದು ಕಿವಿಯಿಟ್ಟರೆ, ಬರೀ ಅಂಕಿಗಳು, ಇಂಗ್ಲಿಷ್ ಅಕ್ಷರಗಳು. ತಾನು ಬರೆದದ್ದನ್ನೇ ಮೊದಲಿನಿಂದ ಒಪ್ಪಿಸುತ್ತಿದ್ದಳು. ನನ್ನ ಕೈ ಅವಳ ಹೊಟ್ಟೆಯ ಮೇಲಿತ್ತು. ಒಳಗೆ ಕೂಸು ಮಿಸುಕುತ್ತಿರಲಿಲ್ಲ. ಅಂಗೈಯನ್ನು ಅಲ್ಲಿ ಇಲ್ಲಿ ಸರಿಸಿದೆ. ಇಲ್ಲ. ಅವಳಿಗೆ ಮಾತ್ರ ಹೇಳಲಿಲ್ಲ.

ಸಂಜೆ ಹೆಣ್ಣುಮಗು ಹುಟ್ಟಿತು, ಅಳಲಿಲ್ಲ. ಬಾಗಿಲಾಚೆ ನಿಂತ ನನಗೆ ನರ್ಸು ಅದರ ಬೆನ್ನು ತಟ್ಟುವ ಸದ್ದು ಮಾತ್ರ ಕೇಳುತ್ತಿತ್ತು. ತಟ್ಟಿದಳು, ತಟ್ಟಿದಳು, ತಟ್ಟುವುದನ್ನು ನಿಲ್ಲಿಸಿದಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಗ ಅತ್ತಿತು ನೋಡಿ! ಓಣಿಗೆಲ್ಲ ಕೇಳುವಂಥ ಅಳು! ಕಂಡಕಂಡವರ ಕೈ ಹಿಡಿದು ಕುಣಿದುಬಿಟ್ಟೆ.

ಎರಡು ದಿನದ ಮೇಲೆ ಅಳಿಯ ಬಂದ.

“ಯಾರ ಸಾಲು?” ಮಗಳ ಮೊದಲ ಮಾತೇ ಅದು.

“ಇನ್ನೂ ಹುಡುಕಾಕತ್ತೀವಿ. ಯಾರದಿದ್ರೂ ಎಲ್ಲಾರೂ ಓದಿ ಸೈ ಅಂದಿದ್ವಿ. ನೀನೂ, ನಾನೂ.”

ಅವಳು ಅವನ ಚೀಲದಿಂದ ಕಾಗದದ ಕಟ್ಟು ಎಳೆದುಕೊಂಡಳು. ಬಾಣಂತಿ ಕಣ್ಣು ದಣಿಸಬಾರದು ಎನ್ನಲು ಹೋದೆ.

“ಯವ್ವಾ, ಇನ್ನ ಮ್ಯಾಲ ನನ್ನ ಮುಂದ ಏನೂ ಮುಚ್ಚಿಡಬ್ಯಾಡ.”

ಜೀಪಿನಲ್ಲಿ ಕೂಸು ಮಿಸುಕದೆ ಇದ್ದದ್ದನ್ನೂ ಆಗಲೇ ಹೇಳಿಬಿಟ್ಟೆ.

“ನನಗ ಗೊತ್ತಿತ್ತು,” ಎಂದಳು, ಕಾಗದದಿಂದ ಕಣ್ಣೆತ್ತದೆ. “ಆ ಅಂಜಿಕಿ ಮರಿಯಾಕ ಅಂಕಿ ಒಪ್ಪಸಾಕತ್ತಿದ್ದೆ.”

ಗಂಡ ಹೆಂಡತಿ ತಲೆಗೆ ತಲೆ ಹಚ್ಚಿ ಓದತೊಡಗಿದರು. ನಾನು ಕೂಸನ್ನು ಸೆರಗಿನಲ್ಲಿ ಸುತ್ತಿ ಎಳೆಬಿಸಿಲಿಗೆ ಒಯ್ದೆ. ಅದು ಕಾಲು ಝಾಡಿಸಿ ನನ್ನ ಹೊಟ್ಟೆಗೇ ಒದೆಯಿತು.