ಅಪ್ಪನ ಕೈಯ ಗ್ರಾಫ್

ಕ್ಷೌರದಂಗಡಿಯ ಯಜಮಾನರಿಗೆ ತಮ್ಮ ಕೈಯ ಮೇಲೆ ಎಷ್ಟು ಹೆಮ್ಮೆಯೋ, ಎದುರಂಗಡಿಯವನ ಕೈಯ ಮೇಲೆ ಅಷ್ಟೇ ತಾತ್ಸಾರ. “ಅವನೇನು ಗಡ್ಡ ಬೋಳಿಸ್ತಾನಾ? ಹುಲ್ಲು ಕೊಯ್ತಾನೆ!” ಎಂದು ಕತ್ತಿ ಮಸೆಯುತ್ತ ನಗುತ್ತಿದ್ದರು. ಗಿರಾಕಿಗಳೂ ನಗಲೇಬೇಕು, ಕುತ್ತಿಗೆ ಅವರ ಕೈಯಲ್ಲಿತ್ತಲ್ಲ!

ಆ ಕೈ ನಡುಗತೊಡಗಿದ್ದು ಮನೆಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಮಗಳೊಬ್ಬಳೇ ಸುಮ್ಮನೆ ಕೂರಲಿಲ್ಲ. ಅಳತೆಯ ಉಪಕರಣ ತಯಾರಿಸುವ ಕಡೆ ಅವಳ ಕೆಲಸ. ಅಪ್ಪನ ಬೆರಳಿಗೆ ಪುಟ್ಟ ಸೆನ್ಸರ್ ಕಟ್ಟಿ, ‘ಸಿ’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದಳು. ಅದು ನಡುಕವನ್ನು ಅಂಕಿಗಳಾಗಿ ಓದಿ, ಗ್ರಾಫ್ ಬಿಡಿಸುವ ಇನ್ನೊಂದು ಸಾಫ್ಟ್‌ವೇರಿಗೆ ದಾಟಿಸುತ್ತಿತ್ತು. ಪರದೆಯ ಮೇಲೆ ಗೆರೆ ಮೂಡುತ್ತಿತ್ತು. ಪ್ರತಿ ಭಾನುವಾರ ಅಪ್ಪ ಕೈ ಚಾಚಿ ಅವಳ ಮುಖವನ್ನೇ ನೋಡುವರು.

“ಹೆಚ್ಚಾಗಿದೆಯೇನಮ್ಮಾ?”

“ಇಲ್ಲಪ್ಪಾ. ಹೋದ ವಾರದಷ್ಟೇ ಇದೆ.”

“ಹಾಗಾದ್ರೆ ಕತ್ತಿ ಕೆಳಗಿಡೋದು ಬೇಡ ಅನ್ನು!”

ಅವಳ ಮಾತೇ ಅವರಿಗೆ ವೇದವಾಕ್ಯ.

ಮೊನ್ನೆ ಮೇಷ್ಟರೊಬ್ಬರ ಕಿವಿಗೆ ಕತ್ತಿ ತಗುಲಿತು. ಟವೆಲ್ಲು ಕೆಂಪಾಯಿತು. ಅಪ್ಪ ಮಸೆಯುವ ಕಲ್ಲಿಗೆ ಬೈದರು. ಮಗಳು ಆ ರಾತ್ರಿ ಕಂಪ್ಯೂಟರ್ ಮುಂದೆ ಕೂತಳು. ಹಳೆಯ ಗ್ರಾಫುಗಳನ್ನೆಲ್ಲ ಸಾಲಾಗಿ ತೆರೆದು ನೋಡಿದಳು. ಗೆರೆಗಳ ಎತ್ತರ ಒಂದೇ. ಪಕ್ಕದ ಅಳತೆಪಟ್ಟಿಯ ಅಂಕಿಗಳು ಮಾತ್ರ ವಾರದಿಂದ ವಾರಕ್ಕೆ ಏರಿದ್ದವು. ಅಯ್ಯೋ ದೇವರೇ! ಆ ಅಳತೆಪಟ್ಟಿ ಪ್ರತಿ ವಾರವೂ ಇಂತಿಷ್ಟೇ ಇರಲಿ ಎಂದು ಹೇಳುವ ಒಂದು ಸಾಲನ್ನು ಅವಳು ಪ್ರೋಗ್ರಾಮಿನಲ್ಲಿ ಬರೆದೇ ಇರಲಿಲ್ಲ. ಹೇಳದಿದ್ದರೆ ಆ ಸಾಫ್ಟ್‌ವೇರು, ನಡುಕ ಎಷ್ಟೇ ಇದ್ದರೂ ಗೆರೆ ಚೌಕಟ್ಟಿನೊಳಗೆ ಹಿಡಿಸುವಂತೆ ತಾನೇ ಅಳತೆಪಟ್ಟಿ ಬದಲಿಸಿಕೊಳ್ಳುತ್ತದೆ. ಪಕ್ಕದ ಅಂಕಿಗಳನ್ನಾದರೂ ಅವಳು ನೋಡಬಹುದಿತ್ತು. ನೋಡುವ ಮನಸ್ಸಿರಲಿಲ್ಲ ಅನ್ನಿ.

ಆ ಸಾಲು ಸೇರಿಸಿದಳು. ಭಾನುವಾರ ಅಪ್ಪನನ್ನು ಕೂರಿಸಿ, ಮೊದಲ ವಾರದ್ದನ್ನೂ ಇವತ್ತಿನದನ್ನೂ ಅಕ್ಕಪಕ್ಕ ತೋರಿಸಿದಳು. ಒಂದು ಇರುವೆ ಸಾಲು, ಇನ್ನೊಂದು ಗರಗಸದ ಹಲ್ಲು.

“ನನ್ನದೇ ತಪ್ಪು ಅಪ್ಪಾ. ನಾನು ಸರಿಯಾಗಿ ನೋಡ್ಲಿಲ್ಲ” ಎಂದಳು.

ಅಪ್ಪ ಬೆರಳಿನ ಸೆನ್ಸರ್ ಬಿಚ್ಚಲು ಹೋದರು; ಆಗಲಿಲ್ಲ. ಅವಳೇ ಬಿಚ್ಚಿದಳು. ಅವರು ಗಲ್ಲ ಸವರಿಕೊಂಡರು. ಆ ಗಲ್ಲಕ್ಕೆ ಇದುವರೆಗೆ ಬೇರೆಯವರ ಕತ್ತಿ ಸೋಕಿರಲಿಲ್ಲ.

“ಎದುರಂಗಡಿಯವನನ್ನ ಕರಿ” ಎಂದರು. “ಮೊದಲು ನನ್ನ ಗಡ್ಡ ಮಾಡಲಿ. ಅವನ ಕೈ ಹೇಗಿದೆ ನೋಡ್ತೀನಿ. ಆಮೇಲೆ ತಾನೇ ನನ್ನ ಗಿರಾಕಿಗಳನ್ನ ಒಪ್ಪಿಸೋದು?”