ನಾವು ಮುಚ್ಚಿದ ಕಾಲುವೆಗಳು

“ಇಲ್ಲಿ ಕಲ್ಲು ತುಂಬಿದ್ದು ಯಾರು?” ಎಂದು ಲೈನ್ ರಿಪೇರಿಗೆ ಬಂದಿದ್ದ ಅಮೆರಿಕನ್ ಮಹಿಳೆ ಕೇಳಿದರು. ಅಮೆರಿಕದಲ್ಲಿ ನಾವಿರುವ ಕೆಂಡಲ್ ಪಾರ್ಕ್ ಎಂಬ ಊರಿನ ಪಕ್ಕದ ಸರ್ಕಾರಿ ಕಾಡಿನಲ್ಲಿ, ಹೈಟೆನ್ಷನ್ ತಂತಿಯ ಕೆಳಗಿನ ಮಣ್ಣುರಸ್ತೆ ಮಳೆಗೆ ಕೊಚ್ಚಿಹೋಗಿ ಅವರ ಲಾರಿ ಸಿಕ್ಕಿಕೊಂಡಿತ್ತು. ನಮ್ಮ ಮನೆಗಳಲ್ಲಿ ಎರಡು ದಿನದಿಂದ ಕರೆಂಟಿರಲಿಲ್ಲ.

ಮಳೆನೀರು ಪಕ್ಕಕ್ಕೆ ಹರಿಯಲೆಂದು ರಸ್ತೆಗೆ ಅಡ್ಡವಾಗಿ ತೋಡಿದ್ದ ಕಿರುಕಾಲುವೆಗಳನ್ನು ಗುಂಡಿಗಳೆಂದುಕೊಂಡು, ಮಕ್ಕಳ ಸೈಕಲ್ ಕುಲುಕದಿರಲೆಂದು, ನಮ್ಮ ಕನ್ನಡದ ವಾಕಿಂಗ್ ಗುಂಪು ಶ್ರಮದಾನ ಮಾಡಿ ಮುಚ್ಚಿತ್ತು. ಗ್ರೂಪ್ ಫೋಟೊ ಕೂಡ ತೆಗೆಸಿಕೊಂಡಿದ್ದೆವು.

ಜೊತೆಗಿದ್ದ ಧಾರವಾಡದ ಗೆಳೆಯ, “ಸುಮ್ನಿರಪಾ, ನಾವ ಅಂತ ಹೇಳಬ್ಯಾಡ” ಎಂದು ಪಿಸುಗುಟ್ಟಿದ. ಆದರೂ ಹೇಳಿದೆ. ಆಕೆ ಬೈಯಲಿಲ್ಲ. ಲಾರಿಯಿಂದ ಎರಡು ಸಲಿಕೆ ತಂದು ನಮ್ಮಿಬ್ಬರ ಕೈಗೆ ಕೊಟ್ಟರು.

ಆ ಫೋಟೊ ಇಂದಿಗೂ ನಮ್ಮ ವಾಟ್ಸಾಪ್ ಗುಂಪಿನ ಮುಖಚಿತ್ರ. ಬದಲಿಸಬೇಡಿ ಎಂದು ನಾನೇ ಹೇಳಿದ್ದೇನೆ.